ಹೆಸರೆಂದರೆ ಕೊಟ್ಟ ಮಾತು

ದೇವರು ಒಬ್ಬನೇ ಎಂದು ಖಚಿತವಾಗಿ ನಂಬುವ ಧರ್ಮದಲ್ಲಿ ಆ ಒಬ್ಬ ದೇವರಿಗೆ ಇಷ್ಟೊಂದು ಹೆಸರುಗಳೇಕೆ? ಬೈಬಲನ್ನು ಆಸಕ್ತಿಯಿಂದ ಓದಲು ಕುಳಿತ ಯಾರಿಗಾದರೂ ಈ ಪ್ರಶ್ನೆ ಬರುತ್ತದೆ. ಎಲೋಹಿಮ್, ಎಲ್ ಶದ್ದಾಯ್, ಯೆಹೋವ, ಅದೋನಾಯ್, ಸೇನಾಧೀಶ್ವರ, ಸದಮಲಸ್ವಾಮಿ, ಇಮ್ಮಾನುವೇಲ, ಕರ್ತ, ತಂದೆ, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಸಹಸ್ರನಾಮಗಳನ್ನು ಕೇಳಿ ಬೆಳೆದ, ವಚನಕಾರರ ಅಂಕಿತಗಳನ್ನು ಬಲ್ಲ ಕನ್ನಡ ಓದುಗರಿಗೆ ದೇವರಿಗೆ ಹಲವು ಹೆಸರಿರುವುದು ಅಚ್ಚರಿಯ ಸಂಗತಿಯಲ್ಲ. ಕ್ರೈಸ್ತರ ಈ ಹೆಸರುಗಳ ವಿಶೇಷವಿರುವುದು ಅವು ಹುಟ್ಟಿದ ಸಂದರ್ಭಗಳಲ್ಲಿ. ಅವುಗಳಲ್ಲಿ ಬಹಳಷ್ಟಕ್ಕೆ ಒಂದು ಸ್ಥಳವಿದೆ, ಒಂದು ಸಂಕಟವಿದೆ, ಆ ಸಂಕಟದಲ್ಲಿ ಸಿಕ್ಕಿಕೊಂಡ ಒಬ್ಬ ಮನುಷ್ಯನಿದ್ದಾನೆ. ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ; ಆ ಹೆಸರು ಯಾರ ಬಾಯಲ್ಲಿ, ಯಾವ ಗಳಿಗೆಯಲ್ಲಿ ಬಂತು ಎಂದು ಕೇಳಿದಾಗಲೇ ಉಳಿದರ್ಧ ತಿಳಿಯುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ದೇವರ ಹೆಸರು ದೇವರು ಮನುಷ್ಯನಿಗೆ ಕೊಟ್ಟ ಮಾತು ಎಂಬುದು ಈ ಲೇಖನದ ವಾದ. ಕೊಟ್ಟ ಮಾತಾದ್ದರಿಂದಲೇ ಅದನ್ನು ಉಚ್ಚರಿಸುವವರ ಮೇಲೂ ಒಂದು ಹೊಣೆ ಬೀಳುತ್ತದೆ.

ಬೈಬಲಿನಲ್ಲಿ ದೇವರಿಗೆ ತಾನಾಗಿ ಒಂದು ಹೆಸರಿಟ್ಟ ಮೊದಲ ವ್ಯಕ್ತಿ ಯಾರೆಂದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಆಕೆ ಅಬ್ರಹಾಮನ ಮನೆಯಲ್ಲಿದ್ದ ಈಜಿಪ್ಟಿನ ದಾಸಿ, ಹಾಗರಳು. ಬಸುರಿ ಹೆಂಗಸು, ಯಜಮಾನಿಯ ಕಾಟ ತಾಳಲಾರದೆ ಮರಳುಗಾಡಿಗೆ ಓಡಿಹೋಗಿ ಒಂದು ಒರತೆಯ ಬಳಿ ಕುಳಿತವಳು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀಯ ಎಂದು ವಿಚಾರಿಸಿದ ದನಿಗೆ ಅವಳು 'ಎಲ್ ರೋಯೀ' ಎಂದು ಹೆಸರಿಟ್ಟಳು. ನನ್ನನ್ನು ನೋಡುವ ದೇವರು ಎಂಬುದು ಅದರ ತಾತ್ಪರ್ಯ. ಆದಿಕಾಂಡದ 16ನೇ ಅಧ್ಯಾಯದಲ್ಲಿರುವ ಈ ಪ್ರಸಂಗವನ್ನು ಧರ್ಮಶಾಸ್ತ್ರದ ಪಂಡಿತರು ಎಷ್ಟು ಸೂಕ್ಷ್ಮವಾಗಿ ಬಿಡಿಸಿದರೂ ಮೂಲ ಸಂಗತಿ ಸರಳವಾದದ್ದು. ಅಬ್ರಹಾಮನ ಮನೆಯಲ್ಲಿ ಅವಳು ಬರೀ ದಾಸಿ. ಆ ಪ್ರಸಂಗದುದ್ದಕ್ಕೂ ಅಬ್ರಹಾಮನಾಗಲಿ ಅವನ ಹೆಂಡತಿಯಾಗಲಿ ಅವಳನ್ನು ಹೆಸರಿನಿಂದ ಕರೆಯುವುದಿಲ್ಲ, ದಾಸಿ ಎಂದೇ ಹೇಳುತ್ತಾರೆ. ಯಾರ ಕಣ್ಣಿಗೂ ಮನುಷ್ಯಳಾಗಿ ಬೀಳದವಳು ತನ್ನನ್ನು ಕಂಡವನಿಗೆ ಆ ಕಾಣುವಿಕೆಯನ್ನೇ ಹೆಸರಾಗಿ ಕೊಟ್ಟಳು. ದೇವರು ಸರ್ವಜ್ಞ ಎಂಬ ತತ್ತ್ವವೂ ದೇವರು ನನ್ನನ್ನು ನೋಡಿದ ಎಂಬ ಮಾತೂ ಹೊರನೋಟಕ್ಕೆ ಒಂದೇ ಎನಿಸಬಹುದು. ಮೊದಲನೆಯದನ್ನು ಒಪ್ಪಲು ತರ್ಕ ಸಾಕು. ಎರಡನೆಯದನ್ನು ಹೇಳಲು ಮರಳುಗಾಡಿನಲ್ಲಿ ಒಂಟಿಯಾಗಿ ಕುಳಿತಿರಬೇಕು.

ಇಂಥ ಹೆಸರುಗಳು ಹಳೆಯ ಒಡಂಬಡಿಕೆಯ ಉದ್ದಕ್ಕೂ ಇವೆ. ಮೊರೀಯ ಬೆಟ್ಟದಲ್ಲಿ ಮಗನ ಬದಲಿಗೆ ಟಗರು ಸಿಕ್ಕ ಜಾಗಕ್ಕೆ ಅಬ್ರಹಾಮ 'ಯೆಹೋವ ಯೀರೆ' ಎಂದು ಹೆಸರಿಟ್ಟ. ಬೇಕಾದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂಬ ಭಾವ ಅದರದು. ಮಿದ್ಯಾನ್ಯರ ದಾಳಿಗೆ ಹೆದರಿ ದ್ರಾಕ್ಷಿಯ ತೊಟ್ಟಿಯಲ್ಲಿ ಅಡಗಿ ಗೋದಿ ಬಡಿಯುತ್ತಿದ್ದ ಗಿದ್ಯೋನ, ದೇವದರ್ಶನದಿಂದ ತಾನು ಸಾಯಲಿಲ್ಲ ಎಂದು ತಿಳಿದಾಗ ಬಲಿಪೀಠ ಕಟ್ಟಿ ಅದಕ್ಕೆ 'ಯೆಹೋವ ಶಾಲೋಮ್' ಎಂಬ ಹೆಸರು ಕೊಟ್ಟ. ಶಾಂತಿಯ ಹೆಸರು ಹುಟ್ಟಿದ್ದು ಯುದ್ಧಕ್ಕೆ ಮೊದಲು, ನಡುಗುವ ಮನುಷ್ಯನ ಬಾಯಲ್ಲಿ. ದೇಶ ಬಾಬೆಲಿನ ಪಾಲಾಗುತ್ತಿದ್ದ ಕಾಲದಲ್ಲಿ, ಅರಸರು ನ್ಯಾಯವನ್ನು ಮಾರಿಕೊಂಡಿದ್ದಾಗ, ಪ್ರವಾದಿ ಯೆರೆಮೀಯ ಬರಲಿರುವ ಒಬ್ಬ ಅರಸನಿಗೆ 'ಯೆಹೋವನೇ ನಮ್ಮ ನೀತಿ' ಎಂಬ ಅರ್ಥದ ಹೆಸರನ್ನು ಮುಂಚಿತವಾಗಿ ಇಟ್ಟ. ಗಮನಿಸಬೇಕಾದ ಸಂಗತಿಯೆಂದರೆ, ಯೆರೆಮೀಯನ 33ನೇ ಅಧ್ಯಾಯದಲ್ಲಿ ಅದೇ ಹೆಸರು ಜೆರುಸಲೇಮ್ ನಗರಕ್ಕೂ ಸಲ್ಲುತ್ತದೆ. ಸೆರೆಯಲ್ಲಿದ್ದವರಿಗೆ ಬೋಧಿಸಿದ ಯೆಹೆಜ್ಕೇಲನ ಗ್ರಂಥ ಮುಗಿಯುವುದೂ ನಗರವೊಂದಕ್ಕೆ 'ಯೆಹೋವನು ಅಲ್ಲಿದ್ದಾನೆ' ಎಂದು ಹೆಸರಿಡುವುದರೊಂದಿಗೆ. ನ್ಯಾಯ ತಪ್ಪಿದ ಊರು ಒಂದು ದಿನ ದೇವರ ಹೆಸರಿಗೆ ತಕ್ಕಂತೆ ಬಾಳಬೇಕು ಎಂಬ ಬಯಕೆ ಅಲ್ಲಿದೆ. ಹೀಗೆ ಹೆಸರು ನಡೆದದ್ದನ್ನು ನೆನಪಿಡುತ್ತದೆ, ನಡೆಯಬೇಕಾದದ್ದನ್ನು ಕೇಳುತ್ತದೆ.

ಎಲ್ಲ ಹೆಸರುಗಳ ನಡುವೆ ಯೆಹೋವ ಎಂದು ನಾವು ಓದುವ, ನಾಲ್ಕು ಹೀಬ್ರೂ ವ್ಯಂಜನಗಳ ಆ ಒಂದು ಹೆಸರಿಗೆ ವಿಶೇಷ ಸ್ಥಾನವಿದೆ. ಹೀಬ್ರೂ ಬೈಬಲಿನಲ್ಲಿ ಅದು ಸುಮಾರು 6,800 ಬಾರಿ ಬರುತ್ತದೆ. ಕ್ರಿ.ಪೂ. 9ನೇ ಶತಮಾನದ ಮೋವಾಬಿನ ಅರಸ ಮೇಷನ ಶಿಲಾಶಾಸನದಲ್ಲೂ ಅದು ಇದೆ; 1868ರಲ್ಲಿ ಸಿಕ್ಕ ಆ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಈ ಹೆಸರಿನ ವಿವರಣೆ ವಿಮೋಚನಕಾಂಡದ 3ನೇ ಅಧ್ಯಾಯದಲ್ಲಿ ಸಿಗುತ್ತದೆ. ಉರಿಯುತ್ತಲೇ ಇದ್ದು ಸುಟ್ಟುಹೋಗದ ಪೊದೆಯ ಮುಂದೆ ನಿಂತ ಮೋಶೆ, ನಿನ್ನ ಹೆಸರೇನೆಂದು ಜನ ಕೇಳಿದರೆ ಏನು ಹೇಳಲಿ ಎಂದು ಕೇಳುತ್ತಾನೆ. ತಾನು ಇರುವವನು, ಇರುತ್ತಲೇ ಇರುವವನು ಎಂಬ ಅರ್ಥದ ಉತ್ತರ ಬರುತ್ತದೆ. ಗ್ರೀಕ್ ತತ್ತ್ವಶಾಸ್ತ್ರದ ಪ್ರಭಾವದಲ್ಲಿ ಬೆಳೆದ ಕ್ರೈಸ್ತ ಚಿಂತಕರು ಈ ಉತ್ತರದಲ್ಲಿ ದೇವರೇ ಪರಮಸತ್ತೆ ಎಂಬ ತತ್ತ್ವವನ್ನು ಕಂಡರು. 13ನೇ ಶತಮಾನದ ಥಾಮಸ್ ಅಕ್ವಿನಾಸ್ ದೇವರಿಗೆ ಬಹಳ ಒಪ್ಪುವ ಹೆಸರು ಇದೆಂದು ವಾದಿಸಿದ. ಆ ಓದನ್ನು ತಳ್ಳಿಹಾಕಬೇಕಿಲ್ಲ. ಆದರೆ ಅಧ್ಯಾಯವನ್ನು ಮೇಲಿನಿಂದ ಓದುತ್ತಾ ಬಂದರೆ, ಹೆಸರು ಹೇಳುವ ಮೊದಲೇ ದೇವರು ಇನ್ನೊಂದು ಮಾತು ಹೇಳಿಯಾಗಿದೆ: ಗುಲಾಮರ ಕಷ್ಟವನ್ನು ಕಂಡೆ, ಅವರ ಗೋಳು ಕೇಳಿಸಿತು, ಬಿಡಿಸಲು ಇಳಿದು ಬಂದೆ ಎಂದು. ಫರೋಹನ ಮುಂದೆ ಹೋಗಲು ನಾನೆಷ್ಟರವನು ಎಂದು ಮೋಶೆ ಹಿಂಜರಿದಾಗ, ನಾನು ನಿನ್ನ ಸಂಗಡ ಇರುವೆನೆಂಬ ಭರವಸೆಯೂ ಸಿಕ್ಕಿದೆ. ಹೆಸರಿನಲ್ಲಿರುವ 'ಇರುವಿಕೆ' ಆ ಭರವಸೆಯದೇ ಮುಂದುವರಿಕೆ. ಇಟ್ಟಿಗೆ ಹೊರುವ ಗುಲಾಮರ ಪಾಲಿಗೆ ದೇವರು ಅಸ್ತಿತ್ವದಲ್ಲಿದ್ದಾನೆಯೇ ಎಂಬುದು ಪ್ರಶ್ನೆಯಾಗಿರಲಿಲ್ಲ. ತಮ್ಮ ಜೊತೆಗಿದ್ದಾನೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಅದೇ ಗ್ರಂಥದ 34ನೇ ಅಧ್ಯಾಯದಲ್ಲಿ ದೇವರು ತನ್ನ ಹೆಸರನ್ನು ತಾನೇ ಸಾರಿಹೇಳುವ ಇನ್ನೊಂದು ಪ್ರಸಂಗವಿದೆ. ಜನರು ಚಿನ್ನದ ಕರುವನ್ನು ಪೂಜಿಸಿ ಒಡಂಬಡಿಕೆ ಮುರಿದಿದ್ದಾರೆ. ಮೋಶೆ ಕೋಪದಿಂದ ಕಲ್ಲಿನ ಹಲಗೆಗಳನ್ನು ಒಡೆದುಹಾಕಿದ್ದಾನೆ. ಆಗ ಬರುವ ಹೆಸರಿನ ವಿವರಣೆ ಕರುಣೆ, ದಯೆ, ತಡವಾಗಿ ಬರುವ ಕೋಪ, ಅಪಾರ ಪ್ರೀತಿ ಮತ್ತು ನಂಬಿಗಸ್ತಿಕೆಗಳನ್ನು ಹೇಳುತ್ತದೆ. ಅನ್ಯಾಯವನ್ನು ಸುಮ್ಮನೆ ಬಿಡುವವನಲ್ಲ ಎಂದೂ ಸೇರಿಸುತ್ತದೆ. ಮುಂದಿನ ಕೀರ್ತನಕಾರರೂ ಪ್ರವಾದಿಗಳೂ ಮತ್ತೆ ಮತ್ತೆ ಮರಳುವುದು ಈ ವಿವರಣೆಗೇ. ದೇವರ ಹೆಸರು ಜನರ ನೆಮ್ಮದಿಗೆ ಸಂಬಂಧಿಸಿದ್ದು ಎಂಬುದಕ್ಕೆ ಮಣ್ಣಿನಡಿಯ ಸಾಕ್ಷಿಯೂ ಇದೆ. 1979ರಲ್ಲಿ ಜೆರುಸಲೇಮಿನ ಕೆತೆಫ್ ಹಿನ್ನೋಮ್ ಎಂಬಲ್ಲಿನ ಸಮಾಧಿಗಳಲ್ಲಿ ಸುರುಳಿ ಸುತ್ತಿದ ಎರಡು ಪುಟ್ಟ ಬೆಳ್ಳಿ ತಗಡುಗಳು ಸಿಕ್ಕವು. ಸುಮಾರು 2,600 ವರ್ಷ ಹಳೆಯವು. ಬೈಬಲಿನ ಮಾತುಗಳಿರುವ ಬರಹಗಳಲ್ಲಿ ಇದುವರೆಗೆ ದೊರೆತ ಅತಿ ಹಳೆಯವು. ಅವುಗಳ ಮೇಲೆ ಆ ನಾಲ್ಕಕ್ಷರದ ಹೆಸರೂ, ಅರಣ್ಯಕಾಂಡದ 6ನೇ ಅಧ್ಯಾಯದ ಯಾಜಕರ ಆಶೀರ್ವಾದಕ್ಕೆ ತೀರ ಹತ್ತಿರವಾದ ಸಾಲುಗಳೂ ಇವೆ. ಆ ಆಶೀರ್ವಾದದ ಕೊನೆಯಲ್ಲಿ, ಯಾಜಕರು ಹೀಗೆ ನನ್ನ ಹೆಸರನ್ನು ಜನರ ಮೇಲೆ ಇಡಲಿ, ನಾನು ಅವರನ್ನು ಹರಸುವೆನು ಎಂದು ದೇವರು ಹೇಳುತ್ತಾನೆ. ಹೆಸರನ್ನು ಮೈಮೇಲೆ ಹೊತ್ತ ಜನ ಎಂಬ ಕಲ್ಪನೆ ಅಲ್ಲಿಂದ ಬಂದದ್ದು, ಮುಂದಿನ ಎಲ್ಲ ಚರ್ಚೆಗೂ ಅದೇ ತಳಹದಿ.

ಕಾಲ ಕಳೆದಂತೆ ಯಹೂದ್ಯರು ಈ ಹೆಸರನ್ನು ಬಾಯಿಂದ ಉಚ್ಚರಿಸುವುದನ್ನೇ ಬಿಟ್ಟರು. ದೇವಾಲಯವಿದ್ದ ಕಾಲದಲ್ಲಿ ಮಹಾಯಾಜಕ ದೋಷಪರಿಹಾರಕ ದಿನದಂದು ಅದನ್ನು ಉಚ್ಚರಿಸುತ್ತಿದ್ದ ಎಂದು ಯಹೂದಿ ಸಂಪ್ರದಾಯ ಹೇಳುತ್ತದೆ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದ ಮೇಲೆ ಆ ರೂಢಿಯೂ ನಿಂತಿತು. ಓದುವಾಗ ಅದರ ಬದಲಿಗೆ ನನ್ನ ಒಡೆಯ ಎಂಬರ್ಥದ 'ಅದೋನಾಯ್' ಹೇಳುವುದು ಪದ್ಧತಿಯಾಯಿತು. ಮಸೋರೆಟರೆಂಬ ಲಿಪಿಕಾರ ವಿದ್ವಾಂಸರು ಸ್ವರಚಿಹ್ನೆಗಳನ್ನು ಸೇರಿಸಿದಾಗ ಆ ನಾಲ್ಕು ವ್ಯಂಜನಗಳ ಜೊತೆಗೆ ಅದೋನಾಯ್ ಪದದ ಸ್ವರಗಳನ್ನು ಗುರುತಿಸಿದರು. ಎರಡನ್ನೂ ಕೂಡಿಸಿ ಓದಿದ ಯುರೋಪಿನ ಕ್ರೈಸ್ತ ವಿದ್ವಾಂಸರಿಂದ 'ಯೆಹೋವ' ಎಂಬ ರೂಪ ಬಳಕೆಗೆ ಬಂತು. ನಮ್ಮ ಹಳೆಯ ಕನ್ನಡ ಬೈಬಲಿನಲ್ಲೂ ಇರುವುದು ಅದೇ. ಮೂಲದ ಉಚ್ಚಾರ 'ಯಾಹ್ವೆ' ಆಗಿದ್ದಿರಬೇಕು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸರಿಯಾದ ಉಚ್ಚಾರ ತಿಳಿಯದಿದ್ದರೆ ಪ್ರಾರ್ಥನೆ ಸಲ್ಲದು ಎನ್ನುವ ಪಂಗಡಗಳೂ ಇವೆ. ಅವರ ಶ್ರದ್ಧೆಯನ್ನು ಗೌರವಿಸಬಹುದು, ವಾದವನ್ನು ಒಪ್ಪುವುದು ಕಷ್ಟ. ಗ್ರೀಕಿನಲ್ಲಿ ಬರೆದ ಹೊಸ ಒಡಂಬಡಿಕೆಯೇ ಹಳೆಯ ಗ್ರಂಥಗಳನ್ನು ಉದ್ಧರಿಸುವಾಗ ಆ ಹೆಸರಿದ್ದ ಕಡೆ 'ಕ್ಯೂರಿಯೋಸ್', ಅಂದರೆ ಒಡೆಯ, ಎಂದು ಹೇಳಿ ಮುಂದೆ ಸಾಗುತ್ತದೆ. 2008ರಲ್ಲಿ ವ್ಯಾಟಿಕನ್ ಕೂಡ ಕ್ಯಾಥೊಲಿಕ್ ಆರಾಧನೆಯಲ್ಲಿ ಆ ನಾಲ್ಕಕ್ಷರದ ಹೆಸರನ್ನು ಉಚ್ಚರಿಸಬಾರದೆಂದು ಸೂಚಿಸಿ ಹಳೆಯ ಪರಂಪರೆಯನ್ನೇ ಎತ್ತಿಹಿಡಿಯಿತು. ಆ ಮೌನಕ್ಕೆ ಅರ್ಥವಿದೆ. ಅರಸನನ್ನು ಬಿರುದಿನಿಂದ ಕರೆಯುವ ಮರ್ಯಾದೆ ಅದರಲ್ಲಿದೆ, ದೇವರು ನಮ್ಮ ನಾಲಿಗೆಯ ವಶದಲ್ಲಿಲ್ಲ ಎಂಬ ಅರಿವೂ ಇದೆ.

ಇಲ್ಲಿಯವರೆಗಿನ ಹೆಸರುಗಳೆಲ್ಲ ಕ್ರೈಸ್ತರು ಯಹೂದ್ಯರಿಂದ ಪಡೆದವು. ಕ್ರೈಸ್ತ ನಂಬಿಕೆಯ ಸ್ವಂತ ಮಾತು ಶುರುವಾಗುವುದು ಯೇಸುವಿನಿಂದ. ಯೇಸು ಎಂಬುದು ಆ ಕಾಲದ ಯಹೂದ್ಯರಲ್ಲಿ ತೀರ ಸಾಮಾನ್ಯ ಹೆಸರು. ಮೋಶೆಯ ನಂತರ ಜನರನ್ನು ಮುನ್ನಡೆಸಿದ ಯೆಹೋಶುವನ ಹೆಸರಿನದೇ ಇನ್ನೊಂದು ರೂಪ. ದೇವರು ರಕ್ಷಿಸುತ್ತಾನೆ ಎಂಬ ಅರ್ಥದ ಆ ಹೆಸರನ್ನು ಬೀದಿಗೊಬ್ಬರು ಇಟ್ಟುಕೊಂಡಿದ್ದಿರಬಹುದು. ಯಾರೂ ಉಚ್ಚರಿಸಲು ಅಂಜುವ ಹೆಸರಿನ ದೇವರು ಎಲ್ಲರೂ ಕರೆಯಬಲ್ಲ ಹೆಸರಿನ ಮನುಷ್ಯನಾಗಿ ಬಂದ ಎಂಬುದು ಕ್ರೈಸ್ತರ ನಂಬಿಕೆ. ಮತ್ತಾಯನ ಸುವಾರ್ತೆ ಮೊದಲ ಅಧ್ಯಾಯದಲ್ಲೇ ಇದರ ಜೊತೆಗೆ ಇನ್ನೊಂದು ಹೆಸರನ್ನು ತರುತ್ತದೆ: ಇಮ್ಮಾನುವೇಲ, ದೇವರು ನಮ್ಮ ಸಂಗಡ. ಯೆಶಾಯನ ಕಾಲದಲ್ಲಿ, ಶತ್ರುಗಳ ಸೈನ್ಯಕ್ಕೆ ಹೆದರಿ ಕಂಗಾಲಾದ ಅರಸ ಆಹಾಜನಿಗೆ ಸಿಕ್ಕಿದ್ದ ಹೆಸರದು. ಅದೇ ಸುವಾರ್ತೆಯ ಕೊನೆಯ ವಾಕ್ಯದಲ್ಲಿ ಯೇಸು ಶಿಷ್ಯರಿಗೆ, ಲೋಕದ ಅಂತ್ಯದವರೆಗೂ ನಿಮ್ಮ ಸಂಗಡ ಇರುತ್ತೇನೆ ಎಂದು ಮಾತು ಕೊಡುತ್ತಾನೆ. ಮೋಶೆಗೆ ಉರಿಯುವ ಪೊದೆಯಿಂದ ಬಂದ ಭರವಸೆಯೂ ಇದೇ ಆಗಿತ್ತು. ಹೆಸರು ಬದಲಾಗಿದೆ, ಕೊಟ್ಟ ಮಾತು ಬದಲಾಗಿಲ್ಲ. ಯೋಹಾನನ ಸುವಾರ್ತೆಯಲ್ಲಿ ಯೇಸು ತನ್ನನ್ನು ರೊಟ್ಟಿ, ಬೆಳಕು, ಬಾಗಿಲು, ಕುರುಬ ಎಂದು ಕರೆದುಕೊಳ್ಳುವುದೂ ಈ ಹಾದಿಯಲ್ಲೇ. ಹಸಿದವರು, ದಾರಿ ಕಾಣದವರು, ಕಾಪಾಡುವವರಿಲ್ಲದವರು ಇದ್ದಾರೆಂದೇ ಈ ಹೆಸರುಗಳಿಗೆ ಅರ್ಥ.

ಆದಿ ಕ್ರೈಸ್ತರು ಯೇಸುವನ್ನು 'ಕ್ಯೂರಿಯೋಸ್' ಎಂದು ಕರೆದದ್ದು ಇನ್ನೂ ದೊಡ್ಡ ಹೆಜ್ಜೆ. ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ, ದಾಸನ ರೂಪ ತಾಳಿ ಶಿಲುಬೆಯ ಮರಣಕ್ಕೂ ಒಪ್ಪಿಕೊಂಡ ಯೇಸುವಿಗೆ ದೇವರು ಎಲ್ಲ ಹೆಸರುಗಳಿಗಿಂತ ಮೇಲಾದ ಹೆಸರನ್ನು ಕೊಟ್ಟನೆಂದು ಹೇಳುತ್ತಾನೆ. ಎಲ್ಲರೂ ಮೊಣಕಾಲೂರುವ ಆ ಚಿತ್ರ ಯೆಶಾಯನ 45ನೇ ಅಧ್ಯಾಯದಿಂದ ಬಂದದ್ದು; ಅಲ್ಲಿ ಅದು ಏಕೈಕ ದೇವರಿಗೆ ಮಾತ್ರ ಸಲ್ಲುವ ಗೌರವ. ಗುಲಾಮರಿಗೆ ವಿಧಿಸುತ್ತಿದ್ದ ಶಿಕ್ಷೆಯಿಂದ ಸತ್ತ ಮನುಷ್ಯನಿಗೆ ಇಸ್ರೇಲಿನ ದೇವರ ಹೆಸರು ಸಂದಿತು. ರೋಮ್ ಸಾಮ್ರಾಜ್ಯದಲ್ಲಿ ಒಡೆಯನೆಂಬ ಬಿರುದು ಚಕ್ರವರ್ತಿಯದೂ ಆಗಿತ್ತು. 2ನೇ ಶತಮಾನದ ಮಧ್ಯದಲ್ಲಿ ಸ್ಮುರ್ನದ ವೃದ್ಧ ಬಿಷಪ್ ಪಾಲಿಕಾರ್ಪ್ ಚಕ್ರವರ್ತಿಯನ್ನು ಒಡೆಯನೆಂದು ಕರೆದು ಕ್ರಿಸ್ತನನ್ನು ನಿಂದಿಸಲು ಒಪ್ಪದೆ ಪ್ರಾಣ ಕೊಟ್ಟ. ಒಬ್ಬನನ್ನು ಒಡೆಯ ಎಂದ ಮೇಲೆ ಇನ್ನಾರಿಗೂ ಪೂರ್ತಿ ತಲೆಬಾಗಲಾಗದು. ಆ ಹೆಸರು ನಂಬಿದವರನ್ನು ಅಷ್ಟರಮಟ್ಟಿಗೆ ಬಿಡುಗಡೆ ಮಾಡಿತು, ಅಷ್ಟೇ ಬೆಲೆಯನ್ನೂ ಕೇಳಿತು.

'ತಂದೆ' ಎಂಬ ಹೆಸರಿಗೆ ಇಂದು ಗಂಭೀರವಾದ ಆಕ್ಷೇಪವಿದೆ. ದೇವರನ್ನು ತಂದೆ ಎಂದು ಕರೆಯುವುದು ಗಂಡಿನ ಆಳ್ವಿಕೆಗೆ ದೈವದ ಮುದ್ರೆ ಒತ್ತಿದಂತಲ್ಲವೇ ಎಂದು ಅನೇಕ ಮಹಿಳಾ ಚಿಂತಕರು ಕೇಳಿದ್ದಾರೆ. ಚರ್ಚಿನ ಇತಿಹಾಸವನ್ನು ನೋಡಿದರೆ ಆ ಪ್ರಶ್ನೆಗೆ ಕಾರಣವಿಲ್ಲವೆಂದು ಹೇಳಲಾಗದು. ಆದರೆ ಹೆಸರಿನ ತಪ್ಪು ಬಳಕೆಯಿಂದ ಅದರ ಅರ್ಥ ತೀರ್ಮಾನವಾಗುವುದಿಲ್ಲ. ತಂದೆ ಎಂಬ ಪದದಿಂದ ದೇವರು ಗಂಡೆಂದು ತಿಳಿಯುವುದು ಹಾಸ್ಯಾಸ್ಪದ ಎಂದು 4ನೇ ಶತಮಾನದಲ್ಲೇ ನಾಜಿಯಾನ್ಜಸಿನ ಗ್ರೆಗರಿ ವಾದಿಸಿದ್ದ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವೂ ದೇವರು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಯೆಶಾಯನ ಗ್ರಂಥ ದೇವರ ಮಮತೆಯನ್ನು ಎದೆಹಾಲುಣಿಸುವ ತಾಯಿಗೆ ಹೋಲಿಸುತ್ತದೆ. ಇಂಗ್ಲೆಂಡಿನ ನಾರ್ವಿಚ್‌ನ ಅನುಭಾವಿ ಜೂಲಿಯನ್ ಯೇಸುವನ್ನೇ ತಾಯಿ ಎಂದಳು. ಇವೆಲ್ಲಕ್ಕಿಂತ ಬಲವಾದ ಸಾಕ್ಷಿ ಯೇಸುವಿನ ಬಳಕೆಯಲ್ಲೇ ಇದೆ. ಭೂಮಿಯ ಮೇಲೆ ಯಾರನ್ನೂ ತಂದೆಯೆಂದು ಕರೆಯಬೇಡಿರಿ ಎಂದು ಆತ ಮತ್ತಾಯ 23ನೇ ಅಧ್ಯಾಯದಲ್ಲಿ ಕಲಿಸುತ್ತಾನೆ. ಮನೆಮಾರು ಬಿಟ್ಟು ಬಂದವರಿಗೆ ನೂರ್ಮಡಿ ಸಿಗುವುದನ್ನು ಪಟ್ಟಿಮಾಡುವ ಮಾರ್ಕನ 10ನೇ ಅಧ್ಯಾಯದಲ್ಲಿ ತಾಯಂದಿರು, ಅಣ್ಣತಮ್ಮಂದಿರು, ಅಕ್ಕತಂಗಿಯರು ಬರುತ್ತಾರೆ, ತಂದೆಯರು ಬರುವುದಿಲ್ಲ. ಪರಲೋಕದ ತಂದೆಯ ಹೆಸರು ಭೂಲೋಕದ ತಂದೆಯರ ದರ್ಪವನ್ನು ಕಸಿದುಕೊಳ್ಳುವಂತೆ ಅಲ್ಲಿ ಬಳಕೆಯಾಗಿದೆ. ಗೆತ್ಸೇಮನೆ ತೋಟದಲ್ಲಿ ಸಾವಿನ ಹಿಂದಿನ ರಾತ್ರಿ ಯೇಸು 'ಅಬ್ಬಾ' ಎಂದು ಮೊರೆಯಿಟ್ಟದ್ದನ್ನು ಓದಿದವರಿಗೆ ಆ ಹೆಸರಿನಲ್ಲಿ ಅಧಿಕಾರದ ದನಿ ಕೇಳಿಸಲಾರದು.

ಹೆಸರುಗಳಿಂದ ದೇವರ ಸ್ವರೂಪವನ್ನು ಪೂರ್ತಿ ತಿಳಿಯಬಹುದೇ ಎಂಬ ಪ್ರಶ್ನೆ 4ನೇ ಶತಮಾನದಲ್ಲಿ ದೊಡ್ಡ ವಿವಾದವಾಯಿತು. ಸಿಜಿಕಸ್ಸಿನ ಬಿಷಪ್ ಯೂನೋಮಿಯಸ್, ದೇವರ ಸಾರವನ್ನು 'ಹುಟ್ಟದವನು' ಎಂಬ ಒಂದೇ ಪದ ಹೇಳಿಬಿಡುತ್ತದೆ ಎಂದು ವಾದಿಸಿದ. ಹಾಗಾದರೆ ತಂದೆಯಿಂದ ಹುಟ್ಟಿದ ಮಗ ದೇವರಾಗಲಾರ ಎಂಬುದು ಅವನ ತೀರ್ಮಾನ. ಕಪದೋಕ್ಯದ ಬೇಸಿಲ್ ಮತ್ತು ಅವನ ತಮ್ಮ ನಿಸ್ಸಾದ ಗ್ರೆಗರಿ ಇದಕ್ಕೆ ಉತ್ತರಿಸಿದರು. ಒಂದು ಹುಲ್ಲುಕಡ್ಡಿಯ ಸಾರವನ್ನೂ ಪೂರ್ತಿ ಹಿಡಿಯಲಾರದ ನಮ್ಮ ಮಾತು ದೇವರ ಸಾರವನ್ನು ಹಿಡಿದೀತೇ? ದೇವರು ನಮ್ಮೊಡನೆ ನಡೆದುಕೊಂಡ ರೀತಿಯಿಂದ ನಮಗೆ ಹೆಸರುಗಳು ಸಿಗುತ್ತವೆ, ಸ್ವರೂಪ ಅವುಗಳ ಆಚೆಗೇ ಉಳಿಯುತ್ತದೆ ಎಂಬುದು ಅವರ ವಾದದ ಸಾರಾಂಶ. ಹಾಗಿದ್ದರೆ ಹೆಸರುಗಳು ಬರೀ ನಮ್ಮ ಕಲ್ಪನೆಯಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಗು 'ಅಮ್ಮಾ' ಎಂದು ಕೂಗುವಾಗ ಅದಕ್ಕೆ ತಾಯಿಯ ಬದುಕಿನ ನೂರರಲ್ಲೊಂದು ಪಾಲೂ ತಿಳಿದಿರುವುದಿಲ್ಲ. ಆದರೂ ಅದು ಸರಿಯಾದ ಹೆಸರನ್ನೇ ಕೂಗಿದೆ, ಸರಿಯಾದವಳೇ ಓಡಿ ಬರುತ್ತಾಳೆ. ಪೂರ್ಣ ಜ್ಞಾನವಿಲ್ಲದೆಯೂ ನಿಜವಾದ ಸಂಬಂಧ ಇರಬಲ್ಲದು. ಕ್ರೈಸ್ತರ ದೀಕ್ಷಾಸ್ನಾನದ ಹೆಸರು ಕೂಡ ಇದನ್ನೇ ತೋರಿಸುತ್ತದೆ. ಮತ್ತಾಯ 28ರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂದು ಮೂವರನ್ನು ಹೇಳಿದರೂ 'ಹೆಸರು' ಏಕವಚನದಲ್ಲಿದೆ. ದೇವರ ಒಳಗೇ ಪ್ರೀತಿಯ ಸಂಬಂಧವಿದೆ ಎಂಬ ತ್ರಿತ್ವದ ನಂಬಿಕೆ 325ರ ನೈಸೀಯ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಸಭೆಗಳಲ್ಲಿ ರೂಪು ಪಡೆದಾಗ ಈ ದೀಕ್ಷೆಯ ಮಾತೇ ಅದಕ್ಕೆ ಆಧಾರಗಳಲ್ಲಿ ಒಂದಾಗಿತ್ತು.

ಹೆಸರನ್ನು ವ್ಯಾಖ್ಯಾನವೆಂದು ತಿಳಿಯುವುದು ಒಂದು ತುದಿಯಾದರೆ, ಅದನ್ನೇ ಶಕ್ತಿಯೆಂದು ತಿಳಿಯುವುದು ಇನ್ನೊಂದು ತುದಿ. ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯದಲ್ಲಿ, ಎಫೆಸದ ಸ್ಕೇವನ ಮಕ್ಕಳು ಯೇಸುವಿನ ಹೆಸರನ್ನು ಮಂತ್ರದಂತೆ ಬಳಸಿ ದೆವ್ವ ಬಿಡಿಸಲು ಹೋಗಿ, ಏಟು ತಿಂದು ಓಡಿಹೋದ ಕಥೆ ಇದೆ. ಹೆಸರು ಗೊತ್ತಿದ್ದರೂ ಹೆಸರಿನವನ ಪರಿಚಯ ಅವರಿಗಿರಲಿಲ್ಲ. ಇದಕ್ಕಿಂತ ಸೂಕ್ಷ್ಮವಾದ ವಿವಾದ ಗ್ರೀಸಿನ ಆಥೋಸ್ ಪರ್ವತದಲ್ಲಿ ನಡೆಯಿತು. ಯೇಸುವಿನ ಹೆಸರನ್ನು ಉಸಿರಿಗೊಮ್ಮೆ ಜಪಿಸುವ ಪ್ರಾರ್ಥನೆ ಪೂರ್ವದ ಸಂನ್ಯಾಸಿಗಳಲ್ಲಿ ಬಹು ಹಳೆಯದು. ದಾಸರ ನಾಮಸ್ಮರಣೆಯನ್ನು ಬಲ್ಲ ನಮಗೆ ಅದು ಹೊಸದೆನಿಸದು. 1907ರಲ್ಲಿ ಇಲಾರಿಯೋನ್ ಎಂಬ ರಷ್ಯನ್ ಸಂನ್ಯಾಸಿ ಈ ಜಪದ ಬಗ್ಗೆ ಪುಸ್ತಕ ಪ್ರಕಟಿಸಿದ ಮೇಲೆ, ದೇವರ ಹೆಸರೇ ದೇವರು ಎಂಬ ವಾದ ಆಥೋಸಿನ ರಷ್ಯನ್ ಮಠಗಳಲ್ಲಿ ಹಬ್ಬಿತು. 1913ರಲ್ಲಿ ರಷ್ಯಾದ ಪವಿತ್ರ ಸಿನಡ್ ಅದನ್ನು ಖಂಡಿಸಿತು; ಸೈನಿಕರನ್ನು ಹೊತ್ತ ಹಡಗುಗಳು ಬಂದು 800ಕ್ಕೂ ಹೆಚ್ಚು ಸಂನ್ಯಾಸಿಗಳನ್ನು ಬಲವಂತವಾಗಿ ಒಡೆಸ್ಸಾಕ್ಕೆ ಒಯ್ದವು. ವಾದಕ್ಕೆ ಬಲಪ್ರಯೋಗದಿಂದ ಉತ್ತರಿಸಿದ್ದು ನಾಚಿಕೆಗೇಡು. ಆ ಸಂನ್ಯಾಸಿಗಳ ಮಾತಿನಲ್ಲಿ ಒಂದು ಸತ್ಯವೂ ಇತ್ತು: ಕರೆದಾಗ ದೇವರು ಆ ಹೆಸರಿನಲ್ಲಿ ನಿಜವಾಗಿ ಸಿಗುತ್ತಾನೆ. ಆದರೆ ಹೆಸರಿನಲ್ಲಿ ಸಿಗುವುದು ದೇವರ ಕೃಪೆ. ಹೆಸರನ್ನೇ ದೇವರೆಂದುಬಿಟ್ಟರೆ ಮಾತು ಕೊಟ್ಟವನು ಮರೆಯಾಗಿ ಮಾತು ಮಾತ್ರ ಉಳಿಯುತ್ತದೆ.

ಇತಿಹಾಸಕಾರರ ಆಕ್ಷೇಪವೊಂದಿದೆ. ಸಿರಿಯಾದ ರಾಸ್ ಶಮ್ರಾದಲ್ಲಿ 1929ರಿಂದ ಸಿಕ್ಕ ಉಗಾರಿತದ ಮಣ್ಣಿನ ಫಲಕಗಳಲ್ಲಿ 'ಎಲ್' ಎಂಬುದು ಕಾನಾನ್ಯರ ದೇವಗಣದ ಹಿರಿಯನ ಹೆಸರು; ಹಾಗಾದರೆ ಬೈಬಲಿನ ಹೆಸರುಗಳು ನೆರೆಹೊರೆಯಿಂದ ಎರವಲು ಪಡೆದವಲ್ಲವೇ ಎಂದು ಕೇಳುತ್ತಾರೆ. ಪದ ನೆರೆಯಿಂದ ಬಂದದ್ದೇ. ಅದನ್ನು ಬೈಬಲೂ ಮುಚ್ಚಿಡುವುದಿಲ್ಲ: ಪಿತೃಗಳಿಗೆ ತಾನು ಎಲ್ ಶದ್ದಾಯ್ ಎಂದು ಕಾಣಿಸಿಕೊಂಡೆ, ಆ ನಾಲ್ಕಕ್ಷರದ ಹೆಸರಿನಿಂದ ಅವರಿಗೆ ಗೊತ್ತಿರಲಿಲ್ಲ ಎಂದು ವಿಮೋಚನಕಾಂಡದ 6ನೇ ಅಧ್ಯಾಯದಲ್ಲಿ ದೇವರೇ ಹೇಳುತ್ತಾನೆ. ಹೆಸರು ಕೊಟ್ಟ ಮಾತಾಗಿದ್ದರೆ, ಅದರ ಬೆಲೆ ನಿಲ್ಲುವುದು ಪದ ಎಲ್ಲಿಂದ ಬಂತು ಎಂಬುದರ ಮೇಲಲ್ಲ, ಅದರಲ್ಲಿ ಯಾರು ಏನನ್ನು ವಾಗ್ದಾನ ಮಾಡಿದರು ಎಂಬುದರ ಮೇಲೆ. ಅದಕ್ಕೇ ಕ್ರೈಸ್ತ ನಂಬಿಕೆ ಹೋದಲ್ಲೆಲ್ಲ ಆಯಾ ನೆಲದ ಹೆಸರುಗಳನ್ನು ಅಂಜದೆ ಎತ್ತಿಕೊಂಡಿದೆ. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ತಮಿಳಿನಲ್ಲಿ 'ಸರ್ವೇಶ್ವರನ್' ಎಂದ. ಕನ್ನಡದ ಕ್ಯಾಥೊಲಿಕರ ಪ್ರಾರ್ಥನೆಯಲ್ಲೂ 'ಸರ್ವೇಶ್ವರ' ನೆಲೆಯಾಗಿದೆ. ಅರಬ್ ಕ್ರೈಸ್ತರು ಶತಮಾನಗಳಿಂದ 'ಅಲ್ಲಾಹ್' ಎಂದೇ ಪ್ರಾರ್ಥಿಸುತ್ತಾರೆ. 1629ರಲ್ಲಿ ಅಚ್ಚಾದ ಮಲಯ ಭಾಷೆಯ ಮತ್ತಾಯನ ಸುವಾರ್ತೆಯಲ್ಲೂ ಆ ಪದವಿದೆ. ಮಲೇಷ್ಯಾದಲ್ಲಿ ಕ್ರೈಸ್ತ ಪತ್ರಿಕೆಯೊಂದು ಅದನ್ನು ಬಳಸಬಹುದೇ ಎಂಬ ಮೊಕದ್ದಮೆ ವರ್ಷಗಟ್ಟಲೆ ನಡೆದು, 2009ರಲ್ಲಿ ಪತ್ರಿಕೆಯ ಪರವಾಗಿ, 2013ರಲ್ಲಿ ಮೇಲ್ಮನವಿಯಲ್ಲಿ ವಿರುದ್ಧವಾಗಿ ತೀರ್ಪು ಬಂತು. ಒಂದು ಭಾಷೆಯ ಜನ ದೇವರನ್ನು ಕರೆಯುವ ಪದಕ್ಕೆ ಯಾರೂ ಒಡೆತನ ಹೂಡಲಾಗದು ಎಂಬುದು ಈ ಇಡೀ ಇತಿಹಾಸ ಕಲಿಸುವ ಪಾಠ.

ಇನ್ನು ಹೊಣೆಯ ಮಾತು. ದೇವರ ಹೆಸರನ್ನು ಅಯೋಗ್ಯವಾಗಿ ಎತ್ತಬಾರದು ಎಂಬ ಆಜ್ಞೆಯನ್ನು ಆಣೆ ಪ್ರಮಾಣಗಳಿಗೆ, ಬೈಗುಳಕ್ಕೆ ಸೀಮಿತಗೊಳಿಸಿ ಓದುವುದು ರೂಢಿ. ಪ್ರವಾದಿಗಳ ಓದು ಬೇರೆ. ಬಡವನನ್ನು ಒಂದು ಜೋಡಿ ಕೆರಗಳಿಗೆ ಮಾರುವವರ ನಡುವೆ ನಿಂತು ಆಮೋಸ, ನೀವು ದೇವರ ಪವಿತ್ರನಾಮವನ್ನು ಹೊಲಸುಮಾಡುತ್ತಿದ್ದೀರಿ ಎನ್ನುತ್ತಾನೆ. ಯೆರೆಮೀಯನ 34ನೇ ಅಧ್ಯಾಯ ಇನ್ನೂ ನೇರವಾಗಿದೆ. ಬಾಬೆಲಿನ ಸೈನ್ಯ ಮುತ್ತಿದಾಗ ಅರಸ ಚಿದ್ಕೀಯ ಮತ್ತು ಜೆರುಸಲೇಮಿನವರು ದೇವರ ಮುಂದೆ ಒಪ್ಪಂದ ಮಾಡಿ ತಮ್ಮ ದಾಸದಾಸಿಯರನ್ನು ಬಿಡುಗಡೆ ಮಾಡಿದರು. ಆಮೇಲೆ ಮನಸ್ಸು ಬದಲಿಸಿ ಅವರನ್ನೇ ಹಿಡಿದು ಮತ್ತೆ ದಾಸ್ಯಕ್ಕೆ ತಳ್ಳಿದರು. ಆಗ ಬಂದ ದೇವರ ಆರೋಪ, ನನ್ನ ಹೆಸರನ್ನು ಅಪವಿತ್ರಗೊಳಿಸಿದಿರಿ ಎಂಬುದು. ಯಾರೂ ದೇವರನ್ನು ಬೈದಿರಲಿಲ್ಲ, ಯಾವ ವಿಗ್ರಹವನ್ನೂ ಆ ದಿನ ಪೂಜಿಸಿರಲಿಲ್ಲ. ಗುಲಾಮರ ಬಿಡುಗಡೆಗೆಂದು ಮೋಶೆಗೆ ತಿಳಿಸಿದ ಹೆಸರನ್ನು ಹೊತ್ತವರು ಗುಲಾಮರನ್ನು ಮರಳಿ ಬಂಧಿಸಿದ್ದೇ ಆ ಹೆಸರಿಗೆ ಮಾಡಿದ ಅಪಚಾರ. ಯೇಸುವೂ ಮತ್ತಾಯ 7ರಲ್ಲಿ ಇದನ್ನೇ ಹೇಳುತ್ತಾನೆ: ಕರ್ತನೇ ಕರ್ತನೇ ಎಂದು ಕರೆದವರೂ, ನಿನ್ನ ಹೆಸರಿನಲ್ಲೇ ಪ್ರವಾದಿಸಿದೆವು ಎನ್ನುವವರೂ ಪರಿಚಯವೇ ಇಲ್ಲದವರೆಂದು ಹೊರಗುಳಿಯಬಹುದು.

ಇಲ್ಲಿ ಅತಿ ಕಠಿಣವಾದ ಆಕ್ಷೇಪ ಎದುರಾಗುತ್ತದೆ. ಹೆಸರಿನ ಅರ್ಥ ನಡತೆಯಲ್ಲಿ ತಿಳಿಯಬೇಕಾದರೆ, ಕ್ರೈಸ್ತರ ನಡತೆ ಆ ಹೆಸರಿನ ಬಗ್ಗೆ ಏನು ಹೇಳಿದೆ? 1564ರಲ್ಲಿ ಇಂಗ್ಲೆಂಡಿನ ಜಾನ್ ಹಾಕಿನ್ಸ್ ಆಫ್ರಿಕದ ಜನರನ್ನು ಸೆರೆಹಿಡಿದು ಅಮೆರಿಕದಲ್ಲಿ ಮಾರಲು ಹೊರಟ ಹಡಗನ್ನು ರಾಣಿ ಎಲಿಜಬೆತ್ ಒದಗಿಸಿದ್ದಳು. ಅದರ ಹೆಸರು 'ಜೀಸಸ್ ಆಫ್ ಲೂಬೆಕ್'. ಯೇಸುವಿನ ಹೆಸರು ಹೊತ್ತೇ ಅದು ಗುಲಾಮರನ್ನು ಸಾಗಿಸಿತು. ಎರಡು ಮಹಾಯುದ್ಧಗಳಲ್ಲೂ ಜರ್ಮನ್ ಸೈನಿಕರ ಸೊಂಟಪಟ್ಟಿಯ ಬಿಲ್ಲೆಯ ಮೇಲೆ ದೇವರು ನಮ್ಮ ಸಂಗಡ ಎಂಬ ಮಾತಿತ್ತು, ಅಂದರೆ ಇಮ್ಮಾನುವೇಲ ಎಂಬ ಹೆಸರಿನ ಅರ್ಥವೇ. ಇವು ಅಪವಾದಗಳೆಂದು ತಳ್ಳಿಹಾಕುವುದು ಪ್ರಾಮಾಣಿಕವಲ್ಲ. ಹಾಗೆಂದು ಇವುಗಳಿಂದ ಹೆಸರೇ ಸುಳ್ಳೆಂದು ತೀರ್ಮಾನಿಸಿದರೆ, ಈ ಕೃತ್ಯಗಳನ್ನು ಖಂಡಿಸಲು ಆ ಪರಂಪರೆಯ ಒಳಗೇ ಇರುವ ಬಲವಾದ ಅಳತೆಗೋಲನ್ನು ಕಳೆದುಕೊಳ್ಳುತ್ತೇವೆ. ಗುಲಾಮರ ಹಡಗಿನ ಮೇಲಿನ ಆ ಹೆಸರನ್ನು ಖಂಡಿಸುವ ಮಾತು ಹಡಗು ಹೊರಡುವುದಕ್ಕೆ ಎರಡು ಸಾವಿರ ವರ್ಷ ಮೊದಲೇ ಯೆರೆಮೀಯನ ಗ್ರಂಥದಲ್ಲಿ ಬರೆದಾಗಿತ್ತು. ಮಾತು ಮುರಿದವರಿರುವುದರಿಂದ ಕೊಟ್ಟ ಮಾತು ಸುಳ್ಳಾಗುವುದಿಲ್ಲ, ಮುರಿದವರ ತಪ್ಪು ಇನ್ನಷ್ಟು ಸ್ಪಷ್ಟವಾಗುತ್ತದೆ.

ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಮೊದಲ ಬೇಡಿಕೆ ಅನ್ನಕ್ಕಾಗಲಿ ಕ್ಷಮೆಗಾಗಲಿ ಸಂಬಂಧಿಸಿದ್ದಲ್ಲ. ದೇವರ ನಾಮ ಪವಿತ್ರವೆಂದು ಎಣಿಸಲ್ಪಡಲಿ ಎಂಬುದು. ದೇವರ ಹೆಸರು ಸ್ವತಃ ಪವಿತ್ರವಾಗಿರುವಾಗ ಇನ್ನೇನು ಬೇಡುವುದು ಎಂದು ಕೇಳುವವರಿಗೆ ಯೆಹೆಜ್ಕೇಲನ 36ನೇ ಅಧ್ಯಾಯ ಉತ್ತರಿಸುತ್ತದೆ: ಜನ ತಮ್ಮ ನಡತೆಯಿಂದ ಕೆಡಿಸಿದ ಹೆಸರನ್ನು ದೇವರು, ಅದೇ ಜನರ ಹೃದಯವನ್ನು ಬದಲಿಸುವ ಮೂಲಕ, ಮತ್ತೆ ಪವಿತ್ರಗೊಳಿಸುತ್ತೇನೆ ಎನ್ನುತ್ತಾನೆ. ಆದ್ದರಿಂದ ಈ ಬೇಡಿಕೆಯನ್ನು ನಿಜವಾಗಿ ಬೇಡುವವನು ತನ್ನನ್ನೇ ಒತ್ತೆಯಿಡುತ್ತಾನೆ. ಅವನು ಕರೆಯುತ್ತಿರುವುದು ದಾಸಿಯನ್ನು ಕಂಡವನನ್ನು, ಗುಲಾಮರ ಗೋಳು ಕೇಳಿದವನನ್ನು. ಹಾಗೆ ಕರೆದ ಮೇಲೆ, ಕಾಣದಂತೆ ಮುಖ ತಿರುಗಿಸುವ, ಕೇಳಿಸದಂತೆ ನಟಿಸುವ ಹಕ್ಕು ಅವನಿಗೆ ಉಳಿಯುವುದಿಲ್ಲ. ದೇವರ ಹೆಸರುಗಳ ಅರ್ಥವನ್ನು ಕಲಿಯಲು ಹೀಬ್ರೂ, ಗ್ರೀಕ್ ಭಾಷೆಗಳು ನೆರವಾಗುತ್ತವೆ, ಶತಮಾನಗಳ ಚರ್ಚೆಗಳು ದಾರಿ ತೋರಿಸುತ್ತವೆ. ಆದರೆ ಕ್ರೈಸ್ತನೊಬ್ಬ ಆ ಅರ್ಥವನ್ನು ಕಲಿತಿದ್ದಾನೆಯೇ ಎಂಬುದನ್ನು ಹೇಳಬಲ್ಲವರು ಅವನ ಸುತ್ತಲಿನ ದುರ್ಬಲರು. ಆತನ ದೇವರ ಹೆಸರು ಕೇಳಿದಾಗ ಅವರಿಗೆ ಭಯವಾಗುತ್ತದೆಯೋ, ಧೈರ್ಯ ಬರುತ್ತದೆಯೋ ಎಂಬುದೇ ಅದರ ಪರೀಕ್ಷೆ.